ಮೊಳೆಯಂಥ ಬಂಡೆ, ಚಿಕ್ಕಪ್ಪನ ಬೆನ್ನು

ನನ್ನ ಚಿಕ್ಕಪ್ಪ ಟೀವಿಯಲ್ಲಿ ಬಂದಿದ್ದಾರೆ. ಎರಡು ಸೆಕೆಂಡು. ಬೆನ್ನು ಮಾತ್ರ.

ಪೂರ್ತಿ ಬೆನ್ನೂ ಅಲ್ಲ. ಎಡಗಡೆಯ ಭುಜ, ಸೈಕಲ್ಲಿನ ಹಿಂದಿನ ಕ್ಯಾರಿಯರ್, ಅದಕ್ಕೆ ಕಟ್ಟಿದ ಗೋಣಿಚೀಲದ ಒಂದು ಮೂಲೆ. ಇಷ್ಟಕ್ಕೆ ಅವರನ್ನು ಆರು ಸಲ ನಡೆಸಿದರಂತೆ. ಒಂದು ಸಲ ನಾಯಿ ಅಡ್ಡ ಬಂತು. ಒಂದು ಸಲ ಮೋಡ ಮುಚ್ಚಿತು. ಒಂದು ಸಲ ಚಿಕ್ಕಪ್ಪನೇ ಕ್ಯಾಮೆರಾ ಕಡೆ ತಿರುಗಿ ನೋಡಿಬಿಟ್ಟರು. ಇನ್ನೆರಡು ಸಲ ಯಾಕೆ ನಿಲ್ಲಿಸಿದರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆರನೇ ಸಲ ಯಾರೋ "ಸಾಕು, ಹೋಗಿ" ಅಂದರು. ಚಿಕ್ಕಪ್ಪ ಸೈಕಲ್ ತಳ್ಳಿಕೊಂಡು ಸೀದಾ ಮನೆಗೆ ಬಂದರು.

ಎಂಬತ್ತರ ದಶಕದ ನಡುವಿನ ಮಾತಿದು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಶೂಟಿಂಗಿಗೆ ಆಗುಂಬೆಗೆ ಬಂದಿದ್ದರು. ನನಗಾಗ ಒಂಬತ್ತೋ ಹತ್ತೋ. ನನ್ನ ತವರು ಆಗುಂಬೆಯಿಂದ ಸ್ವಲ್ಪ ಈಚೆ, ತೀರ್ಥಹಳ್ಳಿ ರಸ್ತೆಯಲ್ಲಿ. ಪೇಟೆಯ ಅಂಗಡಿ ಸಾಲಿಗೆ ಹೊಸ ಬೋರ್ಡು ಬಂದಿದ್ದು, ನಮಗೆ ಸಾಮಾನು ಕೊಡುತ್ತಿದ್ದ ಅಂಗಡಿ ಒಂದೇ ರಾತ್ರಿಯಲ್ಲಿ ಬೇರೆ ಯಾರದ್ದೋ ಅಂಗಡಿ ಆಗಿದ್ದು, ಇದೆಲ್ಲ ಮಸುಕಾಗಿ ನೆನಪಿದೆ. ದುಡ್ಡು ಕೊಟ್ಟರಾ ಅಂತ ಚಿಕ್ಕಪ್ಪನನ್ನು ಕೇಳಿದರೆ, "ಊಟ ಹಾಕಿದ್ರು. ದುಡ್ಡಿನ ವಿಷಯ ಮರ್ತೋಗಿದೆ" ಅನ್ನುತ್ತಾರೆ.

ಧಾರಾವಾಹಿ ಬರುವ ಹೊತ್ತಿಗೆ ನಾವೆಲ್ಲ ತೀರ್ಥಹಳ್ಳಿಯಲ್ಲಿದ್ದ ನೆಂಟರ ಮನೆಗೆ ಹೋಗಿದ್ದೆವು. ಒಬ್ಬ ಹುಡುಗ ಮಾಡಿನ ಮೇಲೆ ಕೂತು ಆಂಟೆನಾ ತಿರುಗಿಸುತ್ತಿದ್ದ. "ಬಂತಾ? ಬಂತಾ?" ಕೆಳಗಿನಿಂದ ನಾವು, "ಬಂತು, ಬಂತು, ಹೋಯ್ತು!" ಆ ಚುಕ್ಕಿ ಮಳೆಯ ನಡುವೆ ನಮ್ಮ ಪೇಟೆ ಕಾಣಿಸಿತು. ಅದರಲ್ಲಿದ್ದವರೆಲ್ಲ ಹಿಂದಿ ಮಾತಾಡುತ್ತಿದ್ದರು. ಅಜ್ಜಿ ಗಾಬರಿಯಿಂದ ಕೇಳಿದ್ದರು, "ನಮ್ ಪ್ಯಾಟೆಯೋರು ಯಾವಾಗ ಹಿಂದಿ ಕಲ್ತ್ರು?"

ಚಿಕ್ಕಪ್ಪ ಆ ದಿನ ಕಾಣಲಿಲ್ಲ. ಮುಂದಿನ ವಾರವೂ ಕಾಣಲಿಲ್ಲ. ಯಾವಾಗಲೋ ಬಂದು ಹೋಗಿರಬೇಕು, ನಾವು ರೆಪ್ಪೆ ಮಿಟುಕಿಸಿರಬೇಕು. ಅವರು ಸಿಕ್ಕಿದ್ದು ಮೂವತ್ತು ವರ್ಷದ ಮೇಲೆ, ನನ್ನ ಮಗನ ಮೊಬೈಲಿನಲ್ಲಿ. ಅವನು ಒಂದೊಂದೇ ಕಂತು ಹಾಕಿ, ನಿಲ್ಲಿಸಿ, ಹಿಂದೆ ಮಾಡಿ, ಮುಂದೆ ಮಾಡಿ, "ಅಜ್ಜ, ಇದು ನೀವೇ ಅಲ್ವಾ?" ಅಂದ. ಚಿಕ್ಕಪ್ಪ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ಮುಖ ಇಲ್ಲ, ಹೆಸರಿಲ್ಲ. ಗುರುತು ಹಿಡಿದದ್ದು ಗೋಣಿಚೀಲ. "ಆ ಗಂಟು ನಂದೇ. ಹಾಗೆ ಕಟ್ಟೋನು ನಾನೊಬ್ನೇ" ಅಂದರು. ಈಗ ಅದು ಅವರ ಮೊಬೈಲಿನ ವಾಲ್‌ಪೇಪರ್.

ಇಷ್ಟು ಯಾಕೆ ಹೇಳಿದೆ ಅಂದರೆ, ಶೂಟಿಂಗ್ ಜಾಗ ನೋಡಲು ಬರುವವರನ್ನು ನೋಡಿಕೊಂಡೇ ನಾನು ಬೆಳೆದಿದ್ದೇನೆ. ನಮ್ಮೂರಿಗೆ ಅವರು ಇವತ್ತಿಗೂ ಬರುತ್ತಾರೆ. ಮಳೆಗಾಲದಲ್ಲಿ ಜಾಸ್ತಿ. ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಊರಿಗೆ ಬಿಳಿ ಶೂ ಹಾಕಿಕೊಂಡು ಬರುತ್ತಾರೆ. ಕಾರಿನ ಗಾಜು ಇಳಿಸಿ ಒಂದೇ ಪ್ರಶ್ನೆ: "ಮಾಲ್ಗುಡಿ ಎಲ್ಲಿ?"

ಏನಂತ ಹೇಳೋದು? ಆರ್. ಕೆ. ನಾರಾಯಣ್ ತಮ್ಮ ತಲೆಯೊಳಗೆ ಕಟ್ಟಿಕೊಂಡ ಊರದು. ಅವರು ಬಾಳಿದ್ದು ಮೈಸೂರಿನಲ್ಲಿ. ಮಾಲ್ಗುಡಿಗೆ ಸರಯೂ ಅಂತ ಒಂದು ಹೊಳೆ ಇದೆ, ರೈಲ್ವೆ ಸ್ಟೇಷನ್ ಇದೆ. ಆಗುಂಬೆಗೆ ರೈಲೇ ಇಲ್ಲ. ಟೀವಿಯಲ್ಲಿ ಕಂಡ ಸ್ಟೇಷನ್ ಇರೋದು ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳಿನಲ್ಲಿ. 2020ರಲ್ಲಿ ರೈಲ್ವೆಯವರು ಅಲ್ಲಿನ ಹಳೇ ಕಟ್ಟಡ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಅರಸಾಳಲ್ಲಿ ರೈಲಿಳಿದ ಮನುಷ್ಯ ನಾಲ್ಕು ಹೆಜ್ಜೆ ಹಾಕಿದರೆ ಆಗುಂಬೆ ಪೇಟೆ ಬರುತ್ತಿತ್ತು, ಟೀವಿಯಲ್ಲಿ. ನಮ್ಮ ಬಸ್ಸಿನಲ್ಲಾದರೆ ತೀರ್ಥಹಳ್ಳಿ ಹಾದು ಬರಬೇಕು, ಅರ್ಧ ದಿನ ಕೈಬಿಟ್ಟ ಹಾಗೆ. ಇದನ್ನು ವಿವರಿಸಿದರೆ ಕಾರಿನವರ ಮುಖ ಸಣ್ಣದಾಗುತ್ತದೆ. ಮೋಸ ಹೋದವರ ಹಾಗೆ ನಮ್ಮನ್ನೇ ನೋಡುತ್ತಾರೆ.

ಆಗುಂಬೆಯ ದೊಡ್ಡಮನೆಯವರ ತಾಳ್ಮೆ ನಮಗಿಲ್ಲ. ಧಾರಾವಾಹಿಯ ಹುಡುಗ ಸ್ವಾಮಿಯ ಮನೆ ಅಂತ ತೋರಿಸಿದ್ದು ಆ ಮನೆಯನ್ನೇ. ಬಂದವರಿಗೆಲ್ಲ ಅಲ್ಲಿ ಕಷಾಯ ಕೊಟ್ಟು ಮಾತಾಡಿಸಿ ಕಳಿಸುತ್ತಾರೆ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಎರಡು ವರ್ಷದ ಹಿಂದೆ ತವರಿನ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ಒಂದು ಗುಂಪು ಕಾರು ನಿಲ್ಲಿಸಿ, ಕೇಳದೆ ಒಳಗೆ ಬಂತು. ನಮ್ಮ ಜಗುಲಿಯ ಕಂಬಗಳು ಚೆನ್ನಾಗಿ ಕಂಡವಂತೆ. ಇಬ್ಬರು ಶೂ ಕಾಲಲ್ಲೇ ಅಡಿಕೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಕಿರುಚಿದ ಸದ್ದಿಗೆ ಕೊಟ್ಟಿಗೆಯ ದನ ಎದ್ದು ನಿಂತವು. "ಸಾರಿ ಆಂಟಿ, ಗೊತ್ತಾಗ್ಲಿಲ್ಲ" ಅಂದರು. ನಾನು ಆಮೇಲೂ ಅರ್ಧ ಗಂಟೆ ಬೈಯುತ್ತಲೇ ಇದ್ದೆ, ಅವರು ಹೋದ ಮೇಲೂ.

ಈ ಬೈಗುಳ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈ ವರ್ಷ ಕೊನೆಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮಗ ಥಾಯ್ಲೆಂಡಿಗೆ ಟಿಕೆಟ್ ಮಾಡಿದ. ಫುಕೆಟ್ ದ್ವೀಪ, ಐದು ದಿನ. ನಾನು, ಅವನು, ಚಿಕ್ಕಪ್ಪ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ಚಿಕ್ಕಮ್ಮ ಮಂಡಿನೋವಿನ ನೆಪ ಹೇಳಿದರು, ನಿಜ ಏನೆಂದರೆ ಅವರಿಗೆ ವಿಮಾನ ಅಂದರೆ ಭಯ. ಚಿಕ್ಕಪ್ಪ ಮಾತ್ರ ಎರಡನೇ ಸಲ ಕೇಳಿಸಿಕೊಳ್ಳಲೇ ಇಲ್ಲ. "ಜೇಮ್ಸ್ ಬಾಂಡ್ ಬಂಡೆ ಇರೋದು ಅಲ್ಲೇ ಅಲ್ಲನೇ? ಹೋಗನ" ಅಂದರು.

ಚಿಕ್ಕಪ್ಪನಿಗೆ ಈಗ ಅರವತ್ತೆಂಟು. ಶಿವಮೊಗ್ಗದಲ್ಲಿ ಓದುವಾಗ ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತು ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ ನೋಡಿದ್ದರಂತೆ. 1974ರ ಸಿನಿಮಾ. ರೋಜರ್ ಮೂರ್ ಬಾಂಡ್, ಕ್ರಿಸ್ಟೋಫರ್ ಲೀ ವಿಲನ್. ಇಂಗ್ಲಿಷ್ ಒಂದಕ್ಷರ ಅರ್ಥ ಆಗಿರಲಿಲ್ಲ. ಆದರೆ ಸಮುದ್ರದ ನಡುವೆ ತಲೆಕೆಳಗಾಗಿ ನಿಂತ ಬಂಡೆ, ಅದರ ನೆತ್ತಿಯಿಂದ ಸೂರ್ಯನ ಶಾಖ ಹಿಡಿಯುವ ಯಂತ್ರ ಮೇಲೇಳೋದು, ಇದು ಐವತ್ತು ವರ್ಷ ತಲೆಯಲ್ಲಿ ಉಳಿದುಕೊಂಡಿದೆ. ಸ್ವಂತ ಮದುವೆಯ ತಾರೀಕು ಉಳಿದಿಲ್ಲ.

ಫುಕೆಟ್ಟಿನ ಹೋಟೆಲು, ಮಾರ್ಕೆಟ್ಟು, ಬೀಚಿನ ಬಗ್ಗೆ ಬರೆಯೋಕೆ ನನಗೆ ಆಸಕ್ತಿ ಇಲ್ಲ. ಎಲ್ಲ ಕಡೆ ಇರುವ ಹಾಗೇ ಇತ್ತು. ಒಂದೇ ವಿಷಯ ಹೇಳುತ್ತೇನೆ. ಮೊದಲ ದಿನ ಬೆಳಗ್ಗೆ ಚಿಕ್ಕಪ್ಪ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ತಲೆ ಎತ್ತಿ ನಿಂತಿದ್ದರು. ಯಾರದೋ ಕಾಂಪೌಂಡಿನೊಳಗೆ ನಾಲ್ಕು ಅಡಿಕೆ ಮರ. ಸೋಗೆಯ ಕೆಳಭಾಗ ನೋಡುತ್ತಿದ್ದರು. "ಇಲ್ಲಿ ಎಲೆಚುಕ್ಕೆ ಬಂದಿಲ್ಲ ಮಾರಾಯ್ತಿ" ಅಂದರು. ಸಂತೋಷವೋ ಹೊಟ್ಟೆಕಿಚ್ಚೋ ಗೊತ್ತಾಗಲಿಲ್ಲ. ನಮ್ಮ ತೋಟದ ಅರ್ಧ ಸೋಗೆ ಆ ರೋಗಕ್ಕೆ ಹಳದಿಯಾಗಿ ಒಣಗುತ್ತಿದೆ. ಆಮೇಲೆ ಮಧ್ಯಾಹ್ನ ಟಾಮ್ ಯಮ್ ಅನ್ನೋ ಸಾರು ಕುಡಿದು, "ಮಜ್ಜಿಗೆ ಹುಲ್ಲು ಹಾಕಿದ್ದಾರೆ, ಕಷಾಯಕ್ಕೆ ಸೀಗಡಿ ಬಿದ್ದ ಹಾಗಿದೆ" ಅಂತ ತೀರ್ಪು ಕೊಟ್ಟರು. ಎರಡು ಬಟ್ಟಲು ಕುಡಿದರು.

ಮಾರನೇ ದಿನ ಫಾಂಗ್ ಙಾ ಕೊಲ್ಲಿಗೆ ಹೊರಟೆವು. ಕೊಲ್ಲಿ ತುಂಬ ಸುಣ್ಣಕಲ್ಲಿನ ಗುಡ್ಡಗಳು, ನೀರಿನಿಂದ ನೆಟ್ಟಗೆ ಎದ್ದು ನಿಂತವು. ಮೇಲೆ ಕಾಡು, ಕೆಳಗೆ ನೀರು ಕೊರೆದ ಗುಹೆ. ನಮ್ಮ ಘಟ್ಟವನ್ನು ಯಾರೋ ತುಂಡು ತುಂಡು ಮಾಡಿ ಹೊಂಡದಲ್ಲಿ ನಿಲ್ಲಿಸಿದಂತಿತ್ತು. ದೋಣಿ ಖಾವ್ ಫಿಂಗ್ ಕಾನ್ ಅನ್ನುವ ದ್ವೀಪಕ್ಕೆ ಹತ್ತಿತು. ಒಂದಕ್ಕೊಂದು ಒರಗಿದ ಗುಡ್ಡ ಅಂತ ಆ ಹೆಸರಿನ ಅರ್ಥವಂತೆ. ನಿಜವಾಗಿಯೂ ಒಂದು ದೊಡ್ಡ ಬಂಡೆ ಇನ್ನೊಂದರ ಮೇಲೆ ವಾಲಿಕೊಂಡಿದೆ, ಮದುವೆ ಮನೆಯಲ್ಲಿ ನಿದ್ದೆ ಬಂದವರ ಹಾಗೆ. ಆದರೆ ಯಾರೂ ಅದನ್ನು ಆ ಹೆಸರಿನಿಂದ ಕರೆಯೋದಿಲ್ಲ. ಟಿಕೆಟ್ ಮಾರುವವನಿಂದ ಹಿಡಿದು ದೋಣಿಯವನ ತನಕ ಎಲ್ಲರಿಗೂ ಅದು ಜೇಮ್ಸ್ ಬಾಂಡ್ ಐಲ್ಯಾಂಡ್.

ಆ ಬಂಡೆ ಇರೋದು ತೀರದಿಂದ ಸ್ವಲ್ಪ ದೂರ ನೀರಿನಲ್ಲಿ. ಹೆಸರು ಕೋ ಟಾಪು. ಟಾಪು ಅಂದರೆ ಮೊಳೆ. ಸುಮಾರು 20 ಮೀಟರ್ ಎತ್ತರ. ಬುಡದಲ್ಲಿ ಸಣ್ಣ, ಮೇಲೆ ದಪ್ಪ. ನೀರು ಬುಡವನ್ನು ತಿನ್ನುತ್ತಾ ಬಂದು ಹೀಗಾಗಿದೆ. ದೋಣಿಯ ಅಲೆಗಳಿಂದ ಇನ್ನಷ್ಟು ಸವೆಯಬಾರದು ಅಂತ 1998ರಿಂದ ಹತ್ತಿರ ದೋಣಿ ಬಿಡೋದಿಲ್ಲ. ದಡದಲ್ಲಿ ನಿಂತು ನೋಡಬೇಕು, ಅಷ್ಟೇ. ಅದಕ್ಕೊಂದು ಕತೆಯೂ ಇದೆ. ಒಬ್ಬ ಬೆಸ್ತ ಬಲೆ ಬೀಸಿದಾಗೆಲ್ಲ ಮೀನಿನ ಬದಲು ಒಂದು ಮೊಳೆಯೇ ಸಿಗುತ್ತಿತ್ತು. ಎಸೆದ, ಮತ್ತೆ ಸಿಕ್ಕಿತು. ಕೊನೆಗೆ ಸಿಟ್ಟು ಬಂದು ಕತ್ತಿಯಿಂದ ಕಡಿದ. ಅರ್ಧ ಹಾರಿ ಬಂದು ಇಲ್ಲಿ ನೆಟ್ಟುಕೊಂಡಿತು.

ಚಿಕ್ಕಪ್ಪ ಕೈ ಹಿಂದೆ ಕಟ್ಟಿ ನಿಂತರು. ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟೇನನೇ?" ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಕಾರಿನ ಗಾಜು ಇಳಿಸಿದವರ ದನಿ ಅದು, ಅಕ್ಷರಕ್ಕೆ ಅಕ್ಷರ.

ಸಿನಿಮಾದಲ್ಲಿ ಬಾಂಡ್ ನೀರಿನ ಮೇಲಿಳಿಯುವ ವಿಮಾನದಲ್ಲಿ ಬರುವಾಗ ಅಲ್ಲಿ ನರಪಿಳ್ಳೆ ಇರೋದಿಲ್ಲ. ನಾವು ಹೋದಾಗ ಅಲ್ಲಿ ನಿಲ್ಲಲು ಜಾಗ ಇರಲಿಲ್ಲ. ಚಿಪ್ಪಿನ ಸರ, ಮುತ್ತು, ಟೀಶರ್ಟು ಮಾರುವ ಅಂಗಡಿಗಳ ಸಾಲು. ಬಂಡೆ ಚೆನ್ನಾಗಿ ಕಾಣುವ ಒಂದು ಜಾಗಕ್ಕೆ ಕ್ಯೂ. ಕ್ಯೂನಲ್ಲಿ ಸರದಿ ಬಂದವರೆಲ್ಲ ಒಂದೋ ಬಂದೂಕಿನ ಹಾಗೆ ಎರಡು ಬೆರಳು ನೀಡುತ್ತಿದ್ದರು, ಇಲ್ಲವೋ ಬಂಡೆಯನ್ನು ಚಿಮುಟಿ ಎತ್ತುವ ಹಾಗೆ ಕೈ ಇಡುತ್ತಿದ್ದರು. ಬಂಡೆಯ ಒಳಗಿನ ವಿಲನ್ನಿನ ಗುಹೆ, ಯಂತ್ರ, ಮೆಟ್ಟಿಲು? ಅದೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಮಗ ಹೇಳಿದ ಇನ್ನೊಂದು ವಿಷಯ ಚಿಕ್ಕಪ್ಪನಿಗೆ ಜಾಸ್ತಿ ಹಿಡಿಸಿತು. 1997ರಲ್ಲಿ ಇನ್ನೊಂದು ಬಾಂಡ್ ಸಿನಿಮಾದವರು ಇದೇ ಕೊಲ್ಲಿಗೆ ಬಂದು, ಇದನ್ನೇ ವಿಯೆಟ್ನಾಂ ಅಂತ ತೋರಿಸಿದರಂತೆ. "ನಮ್ಮೂರು ಮಾಲ್ಗುಡಿ ಆದಾಂಗೆ" ಅಂದರು. ನಮ್ಮೂರಿಗೂ ಈ ಊರಿಗೂ ಏನೋ ನೆಂಟಸ್ತನ ಕುದುರಿದ ಹಾಗೆ ಮುಖ ಅರಳಿತು.

ಆ ನೆಂಟಸ್ತನದಲ್ಲೇ ಅವರು ನಮ್ಮ ಗೈಡನ್ನು ಹಿಡಿದರು. ಮೂವತ್ತರ ಆಸುಪಾಸಿನ ಹುಡುಗ. ಚಿಕ್ಕಪ್ಪ ಕನ್ನಡದಲ್ಲಿ ಕೇಳೋದು, ಮಗ ಇಂಗ್ಲಿಷಿಗೆ ತಿರುಗಿಸೋದು. ನಿಮ್ಮೂರಿನವರು ಯಾರಾದರೂ ಆ ಸಿನಿಮಾದಲ್ಲಿ ಆಕ್ಟ್ ಮಾಡಿದ್ದಾರಾ? ಯಾರನ್ನಾದರೂ ನಡೆಸಿದ್ರಾ? ಹುಡುಗ ನಕ್ಕ. ತನ್ನ ಅಜ್ಜನ ಕಾಲದ ಮಾತು, ಗೊತ್ತಿಲ್ಲ, ಅಂದ. ಸಿನಿಮಾ ನೋಡಿದ್ದೀಯಾ? ಇಲ್ಲ, ಅಂದ. ದಿನಾ ಇಲ್ಲಿಗೆ ಜನರನ್ನು ಕರೆತರುತ್ತಾನೆ, ಸಿನಿಮಾ ನೋಡಿಲ್ಲ! ಚಿಕ್ಕಪ್ಪ ಮುತ್ತು ಮಾರುತ್ತಿದ್ದ ವಯಸ್ಸಾದ ಹೆಂಗಸನ್ನೂ ಕೇಳಿಸಿದರು. ಆಕೆ ಏನೋ ಹೇಳಿದಳು, ಗೈಡ್ ಜೋರಾಗಿ ನಕ್ಕ, ಅರ್ಥ ಹೇಳಲಿಲ್ಲ. ಮುತ್ತಿನ ಸರ ಒಂದನ್ನು ಚಿಕ್ಕಮ್ಮನಿಗೆ ಕೊಂಡದ್ದೇ ಲಾಭ.

ಆಮೇಲೆ ಹೊಟ್ಟೆ ಹಸಿದು ನಾನು ನೆರಳಿಗೆ ಕೂತೆ. ಮಗ ದೋಣಿ ಹುಡುಕಲು ಹೋದ. ಚಿಕ್ಕಪ್ಪ ಮರಳಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ.

ಮೂರನೇ ದಿನದ್ದು ನನ್ನ ಕತೆ.

ನನಗೆ ಮಾಯಾ ಬೇ ನೋಡಬೇಕಿತ್ತು. ಫೀ ಫೀ ಲೇ ಅನ್ನುವ ಸಣ್ಣ ದ್ವೀಪದ ಒಂದು ಬೀಚು. ‘ದಿ ಬೀಚ್’ ಸಿನಿಮಾ 2000ದಲ್ಲಿ ಬಂತು, ಲಿಯೊನಾರ್ಡೊ ಡಿಕಾಪ್ರಿಯೊದು. ನಾನಾಗ ಶಿವಮೊಗ್ಗಕ್ಕೆ ಮದುವೆಯಾಗಿ ಬಂದ ಹೊಸತು. ಯಾವುದೋ ಮಧ್ಯಾಹ್ನ ಟೀವಿಯಲ್ಲಿ ನೋಡಿದ್ದೆ, ಒಲೆ ಮೇಲೆ ಅನ್ನಕ್ಕಿಟ್ಟು. ಸುತ್ತ ಗುಡ್ಡ, ನಡುವೆ ಹಸಿರು ನೀರು, ಹೊರಗಿನ ಲೋಕಕ್ಕೆ ದಾರಿಯೇ ಇಲ್ಲದ ಬೀಚು. ಅನ್ನ ತಳ ಹಿಡಿಯಿತು. ಬೀಚು ತಲೆಯಲ್ಲಿ ಕೂತಿತು.

ಸ್ಪೀಡ್‌ಬೋಟಿನಲ್ಲಿ ಎಲ್ಲರಿಗೂ ವಾಂತಿ ಮಾತ್ರೆ ಕೊಟ್ಟರು. ಚಿಕ್ಕಪ್ಪ ಬೇಡ ಅಂದರು, ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಪಳಗಿದವರು. ನಾನು ಎರಡು ನುಂಗಿದೆ.

ಬೋಟು ಬೀಚಿನ ಎದುರಿನಿಂದ ಹೋಗಲಿಲ್ಲ. ದ್ವೀಪದ ಬೆನ್ನ ಕಡೆ, ಲೋ ಸಮಾ ಅನ್ನುವ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿಂದ ಮರದ ಹಲಗೆಯ ದಾರಿ, ಕಾಡಿನ ನಡುವೆ. ಐದು ನಿಮಿಷ ನಡೆದರೆ ಮರಗಳ ಸಂದಿಯಿಂದ ಬಿಳಿ ಮರಳು. ಅದೇ ನೀರು, ಅದೇ ಗುಡ್ಡ. ಎದೆ ಡವಗುಟ್ಟಿತು, ಸುಳ್ಳು ಹೇಳಲ್ಲ. ಆಮೇಲೆ ಎದುರು ನೋಡಿದರೆ ಗುಡ್ಡಗಳ ನಡುವೆ ಅಷ್ಟಗಲ ಬಾಯಿ, ಅದರಾಚೆ ತೆರೆದ ಸಮುದ್ರ. ಸಿನಿಮಾದಲ್ಲಿ ಆ ಬಾಯಿಯನ್ನು ಕಂಪ್ಯೂಟರಿನಲ್ಲಿ ಗುಡ್ಡ ಇಟ್ಟು ಮುಚ್ಚಿದ್ದಾರೆ. ಇಷ್ಟು ವರ್ಷ ನಾನು ಆಸೆಪಟ್ಟಿದ್ದು ಇಲ್ಲದ ಒಂದು ಗುಡ್ಡಕ್ಕೆ.

ಆದರೂ ಬಿಡಲಿಲ್ಲ. ನಾಯಕ ನಿಂತ ಹಾಗೆ ನೀರಿನಲ್ಲಿ ನಿಂತ ನನ್ನದೊಂದು ಫೋಟೋ ಬೇಕು ಅಂದೆ. ಚೂಡಿದಾರ ಎತ್ತಿಕೊಂಡು ಇಳಿದೆ. ಪಾದ, ಕಣಕಾಲು, ಮಂಡಿ. ಮಗ ಹೇಳಿದ, "ಅಮ್ಮ, ಸ್ವಲ್ಪ ಹಿಂದೆ ಹೋಗು, ಫ್ರೇಮಲ್ಲಿ ಯಾರೋ ಬರ್ತಿದ್ದಾರೆ." ಎರಡು ಹೆಜ್ಜೆ ಹಿಂದೆ ಹೋದೆ. ನೀರು ಮಂಡಿಯಿಂದ ಮೇಲೆ ಬಂತು.

ಪೀಪೀ ಊದಿದ ಸದ್ದು. ಮೊದಲು ನನಗಲ್ಲ ಅಂದುಕೊಂಡೆ. ಮತ್ತೆ ಊದಿದರು. ಇಡೀ ಬೀಚು ನನ್ನ ಕಡೆ ತಿರುಗಿತು. ಕಾವಲಿನವನು ಕೈ ಬೀಸಿ ಹಿಂದೆ ಬಾ ಅನ್ನುತ್ತಿದ್ದ. ಆ ಕೊಲ್ಲಿಯಲ್ಲಿ ಈಜುವ ಹಾಗಿಲ್ಲ, ಮಂಡಿಯ ಮೇಲೆ ನೀರಿಗಿಳಿಯುವ ಹಾಗಿಲ್ಲ. ಬರುವ ದಾರಿಯಲ್ಲಿ ಬೋರ್ಡು ಇತ್ತು. ನಾನು ಅದರ ಪಕ್ಕದಲ್ಲೇ ನಿಂತು ಕೂದಲು ಸರಿಮಾಡಿಕೊಂಡಿದ್ದೆ.

"ಸಾರಿ, ಗೊತ್ತಾಗಲಿಲ್ಲ" ಅಂದೆ, ಇಂಗ್ಲಿಷಿನಲ್ಲಿ. ಅಂದ ಮೇಲೆ ಅಂಗಳದ ಅಡಿಕೆ ನೆನಪಾಯಿತು. ಶೂ ಕಾಲಿನ ಆ ಹುಡುಗಿಯೂ ಅಷ್ಟೇ ಅಂದಿದ್ದಳು, ಅದೇ ಮುಖದಲ್ಲಿ. ಕಾವಲಿನವನು ನನ್ನ ಹಾಗೆ ಅರ್ಧ ಗಂಟೆ ಬೈಯಲಿಲ್ಲ. ತಲೆಯಾಡಿಸಿ ಮುಂದಿನವರಿಗೆ ಪೀಪೀ ಊದಲು ಹೋದ.

ಅಲ್ಲೇ ಮರಳಿನ ಅಂಚಿನಲ್ಲಿ ಮಗ ತೋರಿಸಿದ, "ಅಮ್ಮ, ನೋಡು." ನೀರಿನಲ್ಲಿ ಮೊಳಕೈ ಉದ್ದದ ನೆರಳುಗಳು. ಶಾರ್ಕಿನ ಮರಿಗಳು. ರೆಕ್ಕೆಯ ತುದಿ ಮಾತ್ರ ಮಸಿ ಅದ್ದಿದ ಹಾಗೆ ಕಪ್ಪು. ನಾನು ನಿಂತಿದ್ದ ಜಾಗದಿಂದ ಹತ್ತು ಮಾರು ದೂರವೂ ಇಲ್ಲ. ಅವು ಮನುಷ್ಯರ ತಂಟೆಗೆ ಬರೋದಿಲ್ಲವಂತೆ. ನಾವು ಅವುಗಳ ತಂಟೆಗೆ ಹೋಗಿ ಅವು ವರ್ಷಗಟ್ಟಲೆ ಈ ಕೊಲ್ಲಿ ಬಿಟ್ಟಿದ್ದವು.

ಆ ಕತೆಯನ್ನು ವಾಪಸ್ ಬರುವಾಗ ಮಗ ಹೇಳಿದ. 1999ರಲ್ಲಿ ಶೂಟಿಂಗಿಗೆ ಬಂದವರಿಗೆ ಈ ಬೀಚು ಸಾಲಲಿಲ್ಲವಂತೆ. ಸ್ವರ್ಗದ ಹಾಗಿರುವ ಬೀಚು ಬೇಕು, ಸ್ವರ್ಗದಲ್ಲಿ ತೆಂಗಿನಮರ ಇರಬೇಕಲ್ಲ, ಇಲ್ಲಿ ಸಾಕಷ್ಟಿರಲಿಲ್ಲ. ಬುಲ್ಡೋಜರ್ ತಂದು ಮರಳದಿಬ್ಬ ತಟ್ಟಿ ಅಗಲ ಮಾಡಿದರು. ಮರಳು ಹಿಡಿದಿಟ್ಟಿದ್ದ ಗಿಡ ಕಿತ್ತರು. ಸುಮಾರು 60 ತೆಂಗಿನಮರ ತಂದು ನೆಟ್ಟರು. ಅದು ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯೇ ಒಪ್ಪಿಗೆ ಕೊಟ್ಟಿತ್ತು. ಊರಿನವರು, ಪರಿಸರದವರು ಕೋರ್ಟಿಗೆ ಹೋದರು. ಹಾನಿಯಾಗಿದೆ ಅನ್ನೋದನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿತು. ಕೇಸು ಪೂರ್ತಿ ಮುಗಿದದ್ದು 2022ರಲ್ಲಿ. ಬೀಚು ಸರಿಮಾಡಲು ಸಿನಿಮಾ ಕಂಪನಿ ಒಂದು ಕೋಟಿ ಬಾತ್ ಕೊಡಬೇಕು ಅಂತ ರಾಜಿಯಾಯಿತು. ಒಂದು ಬಾತಿಗೆ ಎರಡೂವರೆ ರೂಪಾಯಿ ಲೆಕ್ಕ ಹಾಕಿಕೊಳ್ಳಿ.

"ಇಪ್ಪತ್ಮೂರು ವರ್ಷ" ಅಂದರು ಚಿಕ್ಕಪ್ಪ, ಬೆರಳು ಮಡಚಿ ಎಣಿಸಿ. "ನಮ್ಮ ತೋಟದ ಗಡಿ ಕೇಸಿಗಿಂತ ಬೇಗ ಆಯ್ತು."

ಶೂಟಿಂಗಿನವರು ಮಾಡಿದ್ದು ಒಂದು ಪಾಲಾದರೆ ನನ್ನಂಥವರು ಮಾಡಿದ್ದು ಇನ್ನೊಂದು ಪಾಲು. ಸಿನಿಮಾ ನೋಡಿದವರು ಬರತೊಡಗಿದರು. ಒಂದೊಂದು ದಿನ 5,000 ಜನ ದಾಟುತ್ತಿತ್ತು. ಬೋಟುಗಳು ಸೀದಾ ಮರಳಿಗೆ ನುಗ್ಗಿ ಲಂಗರು ಹಾಕುತ್ತಿದ್ದವು, ಲಂಗರು ಬಿದ್ದಲ್ಲೆಲ್ಲ ಹವಳ ಮುರಿಯುತ್ತಿತ್ತು. 2018ರ ಜೂನಿನಲ್ಲಿ ನಾಲ್ಕು ತಿಂಗಳಿಗೆ ಅಂತ ಮುಚ್ಚಿದರು. ನಾಲ್ಕು ತಿಂಗಳಲ್ಲಿ ಸರಿಹೋಗುವ ಗಾಯ ಅಲ್ಲ ಅಂತ ಗೊತ್ತಾಗಿ ಮುಚ್ಚಿಯೇ ಇಟ್ಟರು. ತೆರೆದದ್ದು 2022ರ ಜನವರಿಯಲ್ಲಿ. ಆಗ ಒಂದು ಸಲಕ್ಕೆ 375 ಜನ ಮಾತ್ರ ಅಂತ ಮಿತಿ ಹಾಕಿದರು, ಬೋಟಿಗೆ ಹಿಂಬಾಗಿಲು ಮಾಡಿದರು. ಅಷ್ಟರಲ್ಲಿ ಶಾರ್ಕುಗಳು ತಿರುಗಿ ಬಂದಿದ್ದವು. ಈಗಲೂ ಮಳೆಗಾಲದಲ್ಲಿ ಎರಡು ತಿಂಗಳು ಬಾಗಿಲು ಹಾಕುತ್ತಾರೆ, ಬಾಣಂತಿಗೆ ಬಿಡುವು ಕೊಟ್ಟ ಹಾಗೆ.

ಬೋಟಿನ ಅಬ್ಬರದಲ್ಲಿ ಚಿಕ್ಕಪ್ಪ ಇನ್ನೊಂದು ಪ್ರಶ್ನೆ ಕೇಳಿದರು. ಆ ಸಿನಿಮಾದಲ್ಲಿ ಎಲ್ಲರೂ ಒಂದು ಜಲಪಾತದಿಂದ ಹಾರ್ತಾರಲ್ಲ, ಅದೆಲ್ಲಿ? ಬರುವ ಹಿಂದಿನ ರಾತ್ರಿ ಹೋಟೆಲಿನಲ್ಲಿ ಮಗ ಅವರಿಗೆ ಆ ಭಾಗ ತೋರಿಸಿದ್ದ. ನಾನೂ ದ್ವೀಪದಲ್ಲಿ ಅದನ್ನೇ ಹುಡುಕುತ್ತಿದ್ದೆ, ಹೇಳಲು ನಾಚಿಕೆಯಾಗಿ ಸುಮ್ನಿದ್ದೆ. ಮಗ ಹೇಳಿದ, ಆ ಜಲಪಾತ ದ್ವೀಪದಲ್ಲೇ ಇಲ್ಲ. ಹೇವ್ ಸುವಾತ್ ಅಂತ, ಬ್ಯಾಂಕಾಕಿನಿಂದಲೂ ಆಚೆ ಖಾವ್ ಯಾಯ್ ಕಾಡಿನಲ್ಲಿದೆ. ಇಲ್ಲಿಂದ ನೂರಾರು ಕಿಲೋಮೀಟರ್. ಅಲ್ಲಿ ಹಾರಿದವರು ಇಲ್ಲಿ ತೇಲಿದ್ದಾರೆ.

ಚಿಕ್ಕಪ್ಪ ಲೈಫ್ ಜಾಕೆಟ್ ಅದುರುವಷ್ಟು ನಕ್ಕರು. "ಅರಸಾಳಲ್ಲಿ ಇಳ್ದು ಆಗುಂಬೆಗೆ ನಡ್ಕೊಂಡು ಬಂದಾಂಗೆ!"

ಆ ನಗು ಕೇಳುತ್ತ ನನಗೊಂದು ವಿಷಯ ಹೊಳೆಯಿತು. ಮಾಯಾ ಬೇಯ ಬಾಯಿ ನೋಡಿ ನನಗಾದ ಬೇಜಾರು ಚಿಕ್ಕಪ್ಪನಿಗೆ ಆಗಲೇ ಇಲ್ಲ. ಬಂಡೆ ಮೊದಲು ಸಣ್ಣದು ಅನ್ನಿಸಿತು, ಐದು ನಿಮಿಷ. ಆಮೇಲೆ ಎಲ್ಲಿ ಸೆಟ್ಟು, ಎಲ್ಲಿ ನಿಜ, ಎಲ್ಲಿಂದ ಎಲ್ಲಿಗೆ ಹೊಲಿಗೆ ಹಾಕಿದ್ದಾರೆ ಅನ್ನೋದೇ ಅವರಿಗೆ ಜಾಸ್ತಿ ರುಚಿಯಾಯಿತು. ಅವರು ಆ ಹೊಲಿಗೆಯನ್ನು ಒಳಗಿನಿಂದ ಕಂಡವರು. ಆರು ಸಲ ನಡೆದವರು. ನಾನು ಬರೀ ಟೀವಿ ನೋಡಿದವಳು.

ವಾಪಸ್ ಬಂದು ಮೂರು ವಾರ ಆಗಿರಬೇಕು, ತವರಿಗೆ ಹೋಗಿದ್ದೆ. ಚಿಕ್ಕಪ್ಪ ತೋಟಕ್ಕೆ ಔಷಧಿ ಹೊಡೆಸುತ್ತಿದ್ದರು. ಹೊರಗೆ ಕಾರು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಾಜು ಇಳಿಯಿತು. "ಮೇಡಂ, ಮಾಲ್ಗುಡಿ ಸ್ಟೇಷನ್..."

"ಚಪ್ಪಲಿ ಕೆಳಗೆ ಬಿಟ್ಟು ಜಗುಲಿಗೆ ಬನ್ನಿ" ಅಂದೆ. ಯಾಕೆ ಅಂದೆನೋ. ಮಜ್ಜಿಗೆ ಕೊಟ್ಟೆ. ಅರಸಾಳಿನ ದಾರಿ ಹೇಳಿದೆ. ಅವರ ಮುಖ ಸಣ್ಣದಾಯಿತು, ಎಂದಿನ ಹಾಗೆ. ಕಂಬದ ಹತ್ತಿರ ನಿಂತು ಫೋಟೋ ತೆಗೆದುಕೊಂಡರು. ಸಣ್ಣ ಹುಡುಗ ಕಂಬವನ್ನು ಕಚ್ಚಿ ನೋಡಿದ.

ಆ ರಾತ್ರಿ ನನ್ನ ಮೊಬೈಲಿನಲ್ಲಿ ಜಾಗ ಸಾಲದೆ ಥಾಯ್ಲೆಂಡಿನ ಫೋಟೋ ಅಳಿಸುತ್ತಾ ಕೂತೆ. ಮಾಯಾ ಬೇಯಲ್ಲಿ ನಾನು ಬಾಯಿ ತೆರೆದು ಪೀಪೀ ಕಡೆ ನೋಡುತ್ತಿರುವುದು ಒಂದು. ಅಳಿಸಿದೆ. ಬಾಂಡ್ ಬಂಡೆಯ ಫೋಟೋಗಳು ಹದಿನೆಂಟಿದ್ದವು, ನೆರಳಿನಲ್ಲಿ ಕೂತು ಸುಮ್ನೆ ಒತ್ತಿದ್ದವು. ಎಲ್ಲ ಒಂದೇ ಥರ. ಬಂಡೆ, ಕ್ಯೂ, ಎರಡು ಬೆರಳು ನೀಡಿ ನಿಂತ ಯಾರೋ. ಅಳಿಸುವ ಮುಂಚೆ ಒಂದನ್ನು ಹಿಗ್ಗಿಸಿದೆ. ಬಂದೂಕು ಹಿಡಿದಂತೆ ನಿಂತ ಪರದೇಶದ ಹೆಂಗಸಿನ ಹಿಂದೆ, ಫೋಟೋದ ಅಂಚಿನಲ್ಲಿ, ಒಂದು ಎಡಭುಜ. ನೀಲಿ ಗೀಟಿನ ಅಂಗಿ. ಹೆಗಲಿಗೆ ನಮ್ಮನೆಯ ಬಟ್ಟೆಚೀಲ, ಅದರ ಬಾಯಿಗೆ ಹಾಕಿದ ಗಂಟು.

ಮುಂದಿನ ಫೋಟೋ ನೋಡಿದೆ. ಅದರಲ್ಲಿ ಬೇರೆ ಜೋಡಿ. ಅಂಚಿನಲ್ಲಿ ಅದೇ ಭುಜ.

ಚಿಕ್ಕಪ್ಪ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೊಬೈಲನ್ನು ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು.

"ಯಾರ್ಯಾರ ಮನೆಗೆ ಹೋದ್ನೋ ಏನೋ. ಇಲ್ಲಿ ನಾನೊಂದು ಸಲನೂ ಕ್ಯಾಮೆರಾ ಕಡೆ ತಿರುಗ್ಲಿಲ್ಲ ನೋಡು."

"ಎಷ್ಟು ಸಲ ನಡೆದ್ರಿ?"

"ಆರು."